ಮಾವ ಕುಡಿತ ಬಿಟ್ಟ ಊರು

ಕುಡಿತ ಬಿಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾವಾಗ ಬಿಟ್ಟಿರಿ ಎಂದು ಕೇಳಿ ನೋಡಿ. ಒಬ್ಬರು ಯುಗಾದಿ ಎನ್ನುತ್ತಾರೆ, ಒಬ್ಬರು ಮಗಳ ಮದುವೆ ಎನ್ನುತ್ತಾರೆ, ಮತ್ತೊಬ್ಬರು ಡಾಕ್ಟರು ಹೆದರಿಸಿದ ದಿನ ಎನ್ನುತ್ತಾರೆ. ಆದರೆ ಎಲ್ಲಿ ಬಿಟ್ಟಿರಿ ಎಂದರೆ ಊರಿನ ಹೆಸರು ಹೇಳುವವನು ನನಗೆ ತಿಳಿದಂತೆ ಒಬ್ಬನೇ. ಅವನು ನನ್ನ ಸೋದರಮಾವ!

"ಕುಡ್ತವ ನಾಗಮಂಗಲದಲ್ಲಿ ಬುಟ್ಟುಬಂದೆ ಕಣವ್ವ," ಎನ್ನುತ್ತಿದ್ದ, ಕೊಡೆ ಬಿಟ್ಟುಬಂದವನ ಧಾಟಿಯಲ್ಲಿ.

ನಗಬೇಡಿ. ನಾನೂ ಮೊದಮೊದಲು ನಕ್ಕವಳೇ. ಆಮೇಲೆ ನಗು ನಿಂತಿತು. ಯಾಕೆಂದರೆ ಬಿಟ್ಟುಬರಲು ಹೋದ ದಿನ ನಾಗಮಂಗಲದ ಬಸ್ಸಿನಲ್ಲಿ ನಾನೂ ಇದ್ದೆ.

ತೊಂಬತ್ತರ ದಶಕದ ಮಾತು. ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಹಾಸ್ಟೆಲಿನ ಸಾರು ಒಗ್ಗದೆ ಶ್ರೀರಂಗಪಟ್ಟಣದಲ್ಲಿ ಮಾವನ ಮನೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕೋಟೆಯ ಒಳಗೆ, ಹೊಳೆಯ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ಮನೆ. ಮಾವನದು ಮೈಕ್‌ಸೆಟ್ಟಿನ ಕಸುಬು. ಮದುವೆ, ತಿಥಿ, ನಾಟಕ, ರಾಜಕೀಯ ಭಾಷಣ, ಯಾವುದೇ ಇರಲಿ, ಸುತ್ತಲ ತಾಲ್ಲೂಕುಗಳಲ್ಲಿ ಜನರ ಗಂಟಲನ್ನು ದೊಡ್ಡದು ಮಾಡುವುದು ಅವನ ಕೆಲಸ. ತನ್ನ ಗಂಟಲನ್ನು ಮಾತ್ರ ಸಂಜೆಯಾದರೆ ಸಾರಾಯಿ ಪ್ಯಾಕೆಟ್ಟಿಗೆ ಒಪ್ಪಿಸಿಬಿಡುತ್ತಿದ್ದ.

ಅದು ನಾನು ಅಲ್ಲಿಗೆ ಬರುವ ಮೊದಲಿನ ಮಾತು, ರಜೆಗೆ ಹೋದಾಗ ಕಣ್ಣಾರೆ ಕಂಡದ್ದು. ಕುಡಿದು ಬರುವಾಗ ಓಣಿಯ ತಿರುವಿನಲ್ಲಿ ಅವನು ಒಮ್ಮೆ ನಿಂತು ಕೆಮ್ಮುತ್ತಿದ್ದ. ಅದು ಕೆಮ್ಮೂ ಅಲ್ಲ, ಗಂಟಲು ಸರಿಮಾಡಿಕೊಳ್ಳುವುದು. ಜಲ್ಲಿಕಲ್ಲನ್ನು ತಗಡಿನ ಮೇಲೆ ಉರುಳಿಸಿದ ಹಾಗೆ ಒಂದು ಸದ್ದು. ಅದು ಕೇಳಿಸಿತೆಂದರೆ ಅತ್ತೆ ಒಲೆಯ ಮುಂದಿನಿಂದ ಎದ್ದು ಒಡೆಯುವಂಥ ಸಾಮಾನನ್ನೆಲ್ಲ ಒಳಗಿಡುತ್ತಿದ್ದಳು. ವರ್ಷಗಟ್ಟಲೆ ಅತ್ತೆಯ ಒಂದು ಕಿವಿ ಅಡುಗೆಮನೆಯಲ್ಲೂ ಇನ್ನೊಂದು ಓಣಿಯ ತಿರುವಿನಲ್ಲೂ ಇತ್ತು. ಒಂದು ದೀಪಾವಳಿಯ ಹೊತ್ತಿಗೆ ಸಾಕಾಗಿ, ಟ್ರಂಕು ತುಂಬಿಕೊಂಡು ಕೆ.ಆರ್. ಪೇಟೆ ಕಡೆಯ ತನ್ನ ತವರು ಗೋವಿಂದನಹಳ್ಳಿಗೆ ಹೊರಟುಹೋದಳು.

ಅದೇ ಕಾಲಕ್ಕೆ ಪಟ್ಟಣದ ಸಣ್ಣದೊಂದು ಕ್ರೈಸ್ತ ಸಭೆಯವರು ಮೂರು ದಿನದ ಉಪವಾಸ ಪ್ರಾರ್ಥನೆಗೆ ಮಾವನ ಮೈಕ್‌ಸೆಟ್ಟು ಗೊತ್ತುಮಾಡಿದರು. ಮಾವ ಹೋದದ್ದು ಬಾಡಿಗೆಗೆ, ಭಕ್ತಿಗಲ್ಲ. ಆದರೆ ಸಾಮಾನು ಬಿಟ್ಟು ಏಳುವಂತಿಲ್ಲವಲ್ಲ! ಮದುವೆಯಲ್ಲಾದರೆ ರೆಕಾರ್ಡು ಹಾಕಿ ಹಿತ್ತಲಿಗೆ ಹೋಗಿಬರಬಹುದು, ಇಲ್ಲಿ ಪಾಸ್ಟರು ಮಾತು ನಿಲ್ಲಿಸುವ ಹಾಗೇ ಕಾಣಲಿಲ್ಲ. ಆಂಪ್ಲಿಫೈಯರಿನ ಹಿಂದೆ ಸಿಕ್ಕಿಬಿದ್ದು ಮಾವ ದಿನವೆಲ್ಲ ಸುವಾರ್ತೆ ಕೇಳಿದ. ಕೊನೆಯ ದಿನ ಅಲ್ಲೇ ಕೂತು ಅತ್ತ. ಪಕ್ಕದಲ್ಲಿದ್ದ ಮೈಕು ಆರಿಸಿರಲಿಲ್ಲ. ಅವನು ಬಿಕ್ಕಿದ್ದು, ಮೂಗು ಸೀಟಿದ್ದು, "ಯೇಸಪ್ಪ, ನನ್ ಕೈಲಾಗಾಕಿಲ್ಲ, ನೀನೇ ಬುಡುಸಪ್ಪ" ಅಂದದ್ದು, ಎಲ್ಲವೂ ಹಾರನ್ನಿನಲ್ಲಿ ಕೋಟೆಯಿಡೀ ಕೇಳಿಸಿತು!

ನಂಟರಲ್ಲಿ ಗುಸುಗುಸು ಎದ್ದಿತು. ಒಕ್ಕಲಿಗರ ಹುಡುಗ ಯಾವುದೋ ಸ್ವಾಮಿ ಹಿಂದೆ ಹೋದನಲ್ಲ ಎಂದರು. ಅಜ್ಜಿ ಮಾತ್ರ ಎಲೆಯಡಿಕೆ ಮಡಿಚುತ್ತ, "ಯಾವ ಸ್ವಾಮಿ ಆದ್ರೇನ್ಲಾ? ದೀಪ ಅಚ್ಚೋ ಒತ್ಗೆ ಮನೇಗ್ ಕಳುಸ್ತಾವ್ನಲ್ಲ, ಅಷ್ಟ್ ಸಾಕು ಬುಡು," ಎಂದು ಆ ವಿಷಯವನ್ನು ಮುಗಿಸಿಬಿಟ್ಟಳು.

ಮಾವ ಅಂದಿನಿಂದ ಪ್ಯಾಕೆಟ್ಟು ಮುಟ್ಟಿಲ್ಲ ಎಂದು ತಿಳಿದು ಅತ್ತೆ ವಾಪಸು ಬಂದಳು. ಬಂದವಳು ಟ್ರಂಕನ್ನು ಬಿಚ್ಚಲಿಲ್ಲ. ಬಾಗಿಲ ಪಕ್ಕದಲ್ಲೇ ಇಟ್ಟು, "ಇನ್ನೊಂದ್ ಸಲ ಕುಡುದ್ರೆ ಇದ್ನ ಎತ್ಕಂಡು ಓಗೋಳೇಯ. ಆಮೇಕೆ ಬರಾಕಿಲ್ಲ," ಎಂದಳು. ಸೀರೆ ಬೇಕಾದಾಗ ಅದರಿಂದಲೇ ತೆಗೆದು, ಒಗೆದು, ಮಡಿಸಿ ಅದರೊಳಗೇ ಇಡುತ್ತಿದ್ದಳು. ನಾನು ಆ ಮನೆ ಸೇರಿದಾಗಲೂ ಅದು ಅಲ್ಲೇ ಇತ್ತು. ಕತ್ತಲಲ್ಲಿ ಅದಕ್ಕೆ ಎಡವಿ ನನ್ನ ಮೊಣಕಾಲು ಎಷ್ಟು ಸಲ ಊದಿತೋ!

ಇಷ್ಟಕ್ಕೇ ನಿಂತಿದ್ದರೆ ಸುಖವಾಗಿರುತ್ತಿತ್ತು. ಆದರೆ ಮಾವ ಓದತೊಡಗಿದ. ಓದುತ್ತ ಓದುತ್ತ ಒಂದು ಕಥೆ ಅವನಿಗೆ ಗಂಟುಬಿತ್ತು. ಮನುಷ್ಯನೊಬ್ಬನನ್ನು ಬಿಟ್ಟುಹೋದ ದೆವ್ವ ನೀರಿಲ್ಲದ ಜಾಗಗಳಲ್ಲಿ ಅಲೆಯುತ್ತದೆಯಂತೆ. ಎಲ್ಲೂ ನೆಲೆ ಸಿಗದೆ, ನನ್ನ ಹಳೆಯ ಮನೆಗೇ ಹೋಗೋಣ ಎಂದು ತಿರುಗಿ ಬರುತ್ತದೆಯಂತೆ. ಮನೆ ಗುಡಿಸಿ, ಅಲಂಕಾರ ಮಾಡಿ, ಖಾಲಿ ಇರುವುದನ್ನು ನೋಡಿ, ಹೋಗಿ ತನಗಿಂತ ಕೆಟ್ಟ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಬಂದು ಅಲ್ಲಿ ಸಂಸಾರ ಹೂಡುತ್ತದೆಯಂತೆ.

ಮಾರನೆಯ ದಿನ ಬೆಳಿಗ್ಗೆ ಮಾವ ಅತ್ತೆಯ ಕೈಯಿಂದ ಪೊರಕೆ ಕಿತ್ತುಕೊಂಡ!

"ಗುಡುಸ್ಬ್ಯಾಡ! ಗುಡುಸುದ್ರೆ ಬತ್ತಾನೆ!"

"ಯಾರು?"

"ಅವ್ನು."

ರಂಗೋಲಿಯೂ ನಿಂತಿತು. ಅದು ಅಲಂಕಾರವಲ್ಲವೇ? ನಮ್ಮ ಕಡೆ ಹೆಂಗಸು ಉಣ್ಣಬೇಡ ಎಂದರೂ ಸಹಿಸಿಯಾಳು, ಗುಡಿಸಬೇಡ ಎಂದರೆ? ಅತ್ತೆ ಸೀದಾ ಪಾಸ್ಟರನ್ನೇ ಮನೆಗೆ ಕರೆಸಿದಳು. ಪಾಪ, ಮೆತ್ತಗಿನ ಮನುಷ್ಯ. ಕಸದ ಮಧ್ಯೆ ಕುರ್ಚಿ ಹುಡುಕಿ ಕೂತು, "ಪೊರಕೆಯಲ್ಲಿ ಏನೂ ತಪ್ಪಿಲ್ಲಪ್ಪ. ಖಾಲಿ ಇತ್ತು ಅನ್ನೋದೇ ಅಲ್ಲಿ ಮುಖ್ಯ. ಕೆಟ್ಟದ್ದು ಹೋದ ಜಾಗದಲ್ಲಿ ಒಳ್ಳೆಯದನ್ನ ತುಂಬಬೇಕು," ಎಂದರು.

ತುಂಬಬೇಕು ಅಂದರೇ? ಸಂಜೆಯೊಳಗೆ ಮಾವ ತುಂಬಿದ. ಹಳೆಯ ಹಾರನ್ನುಗಳು, ತಂತಿಯ ಸುರುಳಿಗಳು, ಕಿರಂಗೂರಿನಿಂದ ಎತ್ತಿನ ಗಾಡಿಯಲ್ಲಿ ತಂದ ಕುಂಬಳಕಾಯಿ, ತೆಂಗಿನಕಾಯಿ, ಒಂದು ಮೇಕೆ. ಮನೆಯಲ್ಲಿ ಯಾವ ಕೋಣೆಯೂ ಖಾಲಿ ಇರಕೂಡದು. ನಾನು ಕಾಲೇಜಿಗೆ ಹೊರಟರೆ ನನ್ನ ಚಾಪೆಯ ಮೇಲೆ ಒಂದು ಕುಂಬಳಕಾಯಿ ಇಟ್ಟು, ಅದಕ್ಕೆ ನನ್ನ ಹೊದಿಕೆ ಹೊದಿಸುತ್ತಿದ್ದ!

ಹೀಗೆ ನಗುತ್ತಿರುವಾಗಲೇ ಒಂದು ಸಂಜೆ ಅದು ಕೇಳಿಸಿತು.

ಮಾವ ನಡುಮನೆಯಲ್ಲಿ ಕೂತು ಬೆರಳಿಟ್ಟುಕೊಂಡು ಸುವಾರ್ತೆ ಓದುತ್ತಿದ್ದ. ನಾನು ಎದುರಿಗೆ ಬಟಾಣಿ ಸುಲಿಯುತ್ತಿದ್ದೆ. ಇನ್ನೂ ದೀಪ ಹಚ್ಚಿರಲಿಲ್ಲ. ಓಣಿಯ ತಿರುವಿನಲ್ಲಿ ಜಲ್ಲಿಕಲ್ಲು ತಗಡಿನ ಮೇಲೆ ಉರುಳಿತು. ಅತ್ತೆಯ ಕೈಯಿಂದ ಸೌಟು ಬಿತ್ತು. ಮಾವನ ಬೆರಳು ಅಕ್ಷರದ ಮೇಲೇ ನಿಂತಿತು. ನೋಡಿ ಹೇಗಿದೆ! ಮಾವ ಒಳಗೆ ಕೂತಿದ್ದಾನೆ, ಮಾವನ ಕೆಮ್ಮು ಹೊರಗೆ ಬರುತ್ತಿದೆ!

ನಾನು ಓದಿದ ಹುಡುಗಿ. ಟಾರ್ಚು ಹಿಡಿದು ಹೋದೆ. ತಿರುವಿನಲ್ಲಿ ನಮ್ಮ ಮೇಕೆ ನಿಂತಿತ್ತು. "ಮೇಕೆಗೆ ಶೀತ ಆಗಿದೆ, ಅಷ್ಟೇ," ಎಂದು ಜಂಬದಿಂದ ಒಳಗೆ ಬಂದೆ. ಅತ್ತೆ ಮಾರನೆಯ ದಿನವೇ ಮೇಕೆಯನ್ನು ಪಾಂಡವಪುರದ ಸಂತೆಗೆ ಅಟ್ಟಿದಳು. ಆ ಸಂಜೆ ಕೆಮ್ಮು ಇನ್ನೂ ಹತ್ತಿರದಲ್ಲಿ ಕೇಳಿಸಿತು.

ಆಮೇಲೆ ದಿನವೂ. ಒಂದು ದಿನ ತಿರುವಿನಲ್ಲಿ, ಒಂದು ದಿನ ಎದುರುಮನೆಯ ಜಗಲಿಯಲ್ಲಿ. ಎದುರುಮನೆಗೆ ಬೀಗ ಹಾಕಿ ಬಹಳ ಕಾಲವಾಗಿತ್ತು. ಆ ಜಗಲಿಯ ಮೇಲೆ ದೂಳಿತ್ತು, ಕೂತ ಗುರುತೇನೂ ಇರಲಿಲ್ಲ. ಆದರೆ ಓಣಿಯ ನಾಯಿ ಅದರ ಮುಂದೆ ಹಾಯುವಾಗ ದಾರಿಯ ಈ ಅಂಚಿಗೆ ಸರಿದು ಹೋಗುತ್ತಿತ್ತು. ನಾನೂ ಸರಿದೇ ಹೋಗುತ್ತಿದ್ದೆ, ಸುಳ್ಳು ಯಾಕೆ?

ಮಾವ ಇದನ್ನು ನೀರಾವರಿ ಇಲಾಖೆಯವರಿಗಿಂತ ಚೆನ್ನಾಗಿ ಯೋಚಿಸಿದ. "ತಪ್ಪು ಅವ್ನುದಲ್ಲ ಕಣವ್ವ. ನೀರಿಲ್ದಿರೋ ಜಾಗ್ದಲ್ಲಿ ತಿರುಗ್ಬೇಕು ಅಂತ ಬರ್ದದೆ. ಅಂತಾ ಜಾಗ ಇಲ್ಲಿ ಎಲ್ಲವ್ಯೆ? ಈ ಕಡೀಕೋದ್ರೂ ಕಾವೇರಿ, ಆ ಕಡೀಕೋದ್ರೂ ಕಾವೇರಿ. ಕಿರಂಗೂರ್ಗೋದ್ರೆ ಗದ್ದೆ. ಪಾಂಡವಪುರಕ್ಕೋದ್ರೆ ನಾಲೆ. ಅಕ್ಕಿಹೆಬ್ಬಾಳ್ಗೋದ್ರೆ ಏಮಾವತಿ. ಎಲ್ಲೋದಾನು? ಅದ್ಕೇ ವಾಪಸ್ ಬತ್ತಾವ್ನೆ!"

"ಮತ್ತೆ?"

"ನಾಗಮಂಗಲ," ಎಂದ ಮಾವ.

ಆ ವರ್ಷ ನಾಗಮಂಗಲದ ಕಡೆ ಮಳೆಯಿಲ್ಲದೆ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ಟಾಡುತ್ತಿದ್ದರು. ಮಾವನಿಗೆ ಅದಕ್ಕಿಂತ ಒಳ್ಳೆಯ ವಿಳಾಸ ಬೇಕೇ?

"ದಾರೀಲಿ ಸಾರಾಯಿ ಅಂಗಡಿ ಅವೆ, ಜೊತೇಲಿ ಓಗವ್ವ," ಎಂದು ಅತ್ತೆ ನನ್ನನ್ನು ಕಳಿಸಿದಳು. ಬಸ್ಸು ನಿಲ್ಲುವ ಮೊದಲೇ ಮಾವ ಎಲ್ಲರಂತೆ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿದ. ತಾನು ಕಿಟಕಿಯ ಪಕ್ಕ ಕೂತ. ಪಕ್ಕದ ಸೀಟಿನ ಮೇಲೆ ಟವೆಲ್ಲು ಹಾಗೇ ಇತ್ತು. ನಾನು ಕೂರಲು ಹೋದರೆ, "ನೀನ್ ಇಂದ್ಕೋಗವ್ವ. ಇದು ಅವ್ನುದು," ಎಂದ. ನಾನು ನಾಚಿಕೆಯಿಂದ ಕೊನೆಯ ಸೀಟಿಗೆ ಹೋಗಿ, ಈ ಮನುಷ್ಯ ನನಗೆ ಪರಿಚಯವೇ ಇಲ್ಲ ಎಂಬ ಮುಖ ಮಾಡಿಕೊಂಡು ಕೂತೆ.

ಕಂಡಕ್ಟರು ಬಂದ. "ಎಷ್ಟು?"

"ಎಲ್ಡು ನಾಗಮಂಗಲ."

"ಇನ್ನೊಬ್ರೆಲ್ರೀ?"

"ಇಲ್ಲೇ ಕುಂತಿಲ್ವ?"

ಕಂಡಕ್ಟರು ಟವೆಲ್ಲನ್ನು ನೋಡಿದ, ಮಾವನ ಮುಖವನ್ನು ನೋಡಿದ, ಎರಡು ಟಿಕೇಟು ಹರಿದುಕೊಟ್ಟು ಬೇಗ ಮುಂದಕ್ಕೆ ಹೋದ. ನನ್ನ ಟಿಕೇಟು ನಾನೇ ಕೊಂಡೆ. ಪಾಂಡವಪುರದಲ್ಲಿ ಬಸ್ಸು ಕಿಕ್ಕಿರಿಯಿತು. ದಪ್ಪನೆಯ ಯಜಮಾನರೊಬ್ಬರು, "ಯಾವನ್ಲಾ ಅವ್ನು, ಖಾಲಿ ಸೀಟ್ಗೆ ಟವಲ್ ಆಕ್ಕೊಂಡು!" ಎಂದು ಗದರಿ ಧೊಪ್ಪನೆ ಕೂತುಬಿಟ್ಟರು. ಕೂತಷ್ಟೇ ಬೇಗ ಎದ್ದರು. "ಯಾಕೋ ತಣ್ಗದೆ," ಎಂದು ಗೊಣಗಿ, ಪಂಚೆಯ ಹಿಂಭಾಗ ಮುಟ್ಟಿ ನೋಡಿಕೊಂಡು, ಉಳಿದ ದಾರಿಯೆಲ್ಲ ಕಂಬಿ ಹಿಡಿದು ನಿಂತೇ ಬಂದರು. ಆಮೇಲೆ ಆ ತುಂಬಿದ ಬಸ್ಸಿನಲ್ಲಿ ಒಬ್ಬರೂ ಆ ಸೀಟು ಕೇಳಲಿಲ್ಲ.

ಜಕ್ಕನಹಳ್ಳಿ ದಾಟಿದ ಮೇಲೆ ಹಸುರು ತೀರಿತು. ಮಾವ ಟವೆಲ್ಲಿನ ಕಡೆ ಬಾಗಿ ಏನೋ ಮೆಲ್ಲಗೆ ಹೇಳುತ್ತಿದ್ದ, ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಸಮಾಧಾನ ಹೇಳುವ ಹಾಗೆ. ಇಳಿಯುವಾಗ ನಾನು ಆ ಸೀಟನ್ನು ನೋಡಿದೆ. ಟವೆಲ್ಲಿನ ನಡುವೆ ತಗ್ಗು ಬಿದ್ದಿತ್ತು. ಯಜಮಾನರು ಕೂತದ್ದರಿಂದ ಆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಕೆರೆಯಂಗಳಕ್ಕೆ ಹೋದಾಗ ನಡುಮಧ್ಯಾಹ್ನ. ಬಿಸಿಲಿಗೆ ಹುಡುಗರೂ ಇರಲಿಲ್ಲ, ಒಂದು ಕಾಗೆಯೂ ಇರಲಿಲ್ಲ. ಬಿರುಕುಬಿಟ್ಟ ಮಣ್ಣಿನ ಮೇಲೆ ನಡೆಯುತ್ತಿದ್ದರೆ ನಮ್ಮ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಇಬ್ಬರ ಚಪ್ಪಲಿಗೆ ಅದು ಸ್ವಲ್ಪ ಹೆಚ್ಚಾಯಿತು ಎನ್ನಿಸಿತು. ಮಾವ ನಡುವೆ ನಿಂತು ಟವೆಲ್ಲು ಹಾಸಿದ.

"ಇಲ್ಲೇ ಇರು. ನೀರಿಲ್ಲ, ನೆಳ್ಳಿಲ್ಲ, ನಿನ್ ತಂಟೇಗ್ ಯಾರೂ ಬರಾಕಿಲ್ಲ. ನನ್ ತಂಟೇಗ್ ನೀನು ಬರ್ಬ್ಯಾಡ. ಯೇಸಪ್ಪನ್ ಎಸ್ರಲ್ಲಿ ಏಳ್ತಾ ಇವ್ನಿ." ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಪ್ರಾರ್ಥಿಸಿದ. ಆಮೇಲೆ, ಹಳೇ ಸ್ನೇಹಿತನಲ್ಲವೇ, "ಉಷಾರು," ಎಂದ.

ಹಿಂದೆ ನೋಡಬೇಡ ಎಂದಿದ್ದ. ಏರಿಯ ಮೇಲೆ ಹತ್ತಿ ನಾನು ನೋಡಿಯೇಬಿಟ್ಟೆ. ಟವೆಲ್ಲಿನ ಹತ್ತಿರ ಆಳೆತ್ತರಕ್ಕೆ ಏನೋ ನಡುಗುತ್ತಿತ್ತು. ಬಿಸಿಲ್ಗುದುರೆ, ಮತ್ತೇನು? ವಾಪಸು ಬರುವಾಗ ಮಾವ ಒಂದು ನನಗೆ, ಒಂದು ತನಗೆ ಟಿಕೇಟು ಕೊಂಡು, ನನ್ನ ಪಕ್ಕದಲ್ಲೇ ಕೂತು ಗೊರಕೆ ಹೊಡೆದ.

ಕೆಮ್ಮು ನಿಂತಿತು! ಕುಂಬಳಕಾಯಿಗಳು ಸಾರಾದವು. ಅತ್ತೆ ಆಸೆ ತೀರುವಷ್ಟು ಗುಡಿಸಿದಳು. ಮಾವ ಮದುವೆ ಮನೆಗಳಲ್ಲಿ "ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದನ್ನು ಬಿಟ್ಟು ಬೈಬಲ್ಲಿನ ವಾಕ್ಯಗಳನ್ನೇ ಹೇಳಿ ಪರೀಕ್ಷೆ ಮಾಡತೊಡಗಿದ. ಕಿರಂಗೂರಿನ ಮದುವೆಯಲ್ಲಿ ಗಂಡು ಚಪ್ಪರಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ, "ಎಚ್ಚರವಾಗಿರಿ! ಶೋಧನೆಗೆ ಸಿಕ್ಕಿಬೀಳದಂತೆ ಪ್ರಾರ್ಥನೆ ಮಾಡಿ!" ಎಂದು ಹಾರನ್ನು ಕೂಗಿತು. ಗಂಡು ಅಲ್ಲೇ ನಿಂತುಬಿಟ್ಟನಂತೆ! ಹೀಗೆ ಒಂದು ಬೇಸಿಗೆ ಕಳೆಯಿತು, ಮಳೆಗಾಲವೂ ಹಿಡಿಯಿತು. ಟ್ರಂಕು ಮಾತ್ರ ಬಾಗಿಲ ಪಕ್ಕವೇ ಇತ್ತು. ಅತ್ತೆ ಈಗಲೂ ಸಂಜೆಯಾದರೆ ಓಣಿಯ ಕಡೆ ಕಿವಿಯಿಟ್ಟು, ಗೋಡೆಗೊರಗಿ ಕೂತೇ ತೂಕಡಿಸುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಲಾರಿ ಸಾಹೇಬರು ಬಾಗಿಲಲ್ಲೇ ನಿಂತು ಕೂಗಿದರು. "ಅರೆ ಅಣ್ಣಾ, ಖುಷಿ ಸಮಾಚಾರ! ನಾಗಮಂಗಲದ ಕೆರೆ ಕೋಡಿ ಬಿತ್ತು! ಯಾ ಅಲ್ಲಾ, ಏನ್ ನೀರು, ಏನ್ ನೀರು!"

ಓಣಿಯ ಜನವೆಲ್ಲ ಸಂತೋಷಪಟ್ಟರು. ಮಾವನ ಮುಖ ಸುಣ್ಣದ ಗೋಡೆಯಂತೆ ಬಿಳುಪೇರಿತು.

"ಕೆರೆ ತುಂಬ್ಬುಡ್ತಾ?" ಎಂದ ಮೆಲ್ಲಗೆ. "ಅಂಗಾದ್ರೆ ಅವ್ನು ಅಲ್ಲಿಂದ ಒಂಟವ್ನೆ."

ಆ ಸಂಜೆ ಹೊಳೆಯ ಕಡೆಯಿಂದ ಮಂಜು ಎದ್ದಿತ್ತು. ದೀಪ ಹಚ್ಚುವ ಹೊತ್ತಿಗೆ ತಿರುವಿನಲ್ಲಿ ಕೆಮ್ಮು ಕೇಳಿಸಿತು. ಸ್ವಲ್ಪ ಬಿಟ್ಟು ಇನ್ನೊಂದು. ಅದು ಬೇರೆ ಗಂಟಲು. ಆಮೇಲೆ ಮತ್ತೊಂದು, ಸಣ್ಣ ದನಿಯದು. ನಾನು ಎಣಿಸಲಿಲ್ಲ, ಎಣಿಸುವ ಧೈರ್ಯ ಇರಲಿಲ್ಲ. ಕಥೆಯಲ್ಲಿ ಎಷ್ಟು ಜನ ಬಂದರು ಎಂಬುದು ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾಯಿ ಎಲ್ಲೋ ದೂರದಲ್ಲಿ ಅಳುತ್ತಿತ್ತು.

ಮಾವ ಎದ್ದ. ಗೂಟದ ಮೇಲಿನ ಅಂಗಿ ತೆಗೆದು ತೋಳು ತೂರಿಸಿದ. "ಗಂಟ್ಲು ಒಣಗ್ತದೆ ಕಣವ್ವ," ಎಂದ ನನ್ನ ಕಡೆ ತಿರುಗಿ, ಮಕ್ಕಳ ದನಿಯಲ್ಲಿ. "ಆ ಕೆಮ್ಮು ಕೇಳ್ದಾಗ್ಲೆಲ್ಲ ಒಣಗ್ತದೆ. ಅವ್ನು ಬಂದು ಕುಡ್ಸಾಕಿಲ್ಲ, ನಂಗೇ ಓಗ್ಬೇಕು ಅನ್ನುಸ್ತದೆ." ಹೊಸ್ತಿಲ ಮೇಲೆ ಕಾಲಿಟ್ಟ. ತಡೆಯಬೇಕೆಂದು ಅತ್ತೆಯ ಕಡೆ ನೋಡಿದೆ.

ಅತ್ತೆ ಟ್ರಂಕಿನ ಮುಂದೆ ಕೂತಿದ್ದಳು. ಮುಗಿಯಿತು ಎಂದುಕೊಂಡೆ. ಮಾವನೂ ಹಾಗೇ ಅಂದುಕೊಂಡಿರಬೇಕು, ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಅತ್ತೆ ಮುಚ್ಚಳ ತೆಗೆದಳು. ಸೀರೆಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಗೂಡಿನಲ್ಲಿ ಜೋಡಿಸಿದಳು. ಬಾಚಣಿಗೆ, ಕುಂಕುಮದ ಭರಣಿ, ತವರಿನ ದೇವರ ಪಟ, ಎಲ್ಲ ಗೂಡಿಗೆ ಹೋದವು. ಖಾಲಿ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿ, ಒಂದು ರೇಷ್ಮೆ ಸೀರೆಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡು ಹೇಳಿದಳು.

"ನಾಳೀಕೆ ಅವ್ನ್ನ ಬುಟ್ಬರಾಕೋಗೋದು ತಾನೆ? ನಾನೂ ಬತ್ತೀನಿ. ಈಗ್ ಬಂದು ಕೂತ್ಕಳಿ, ಅದೇನೋ ಓದ್ತಿದ್ರಲ್ಲ, ಓದಿ."

ಮಾವ ಬಂದು ಕೂತ. ಇಬ್ಬರೂ ಹೊಸ್ತಿಲ ಒಳಗೆ, ಭುಜಕ್ಕೆ ಭುಜ ತಾಗಿಸಿಕೊಂಡು. ಮಾವ ಬೆರಳಿಟ್ಟುಕೊಂಡು ಆ ಏಳು ದೆವ್ವಗಳ ಕಥೆಯನ್ನೇ ಓದಿದ. ಅಕ್ಷರ ಬಾರದ ಅತ್ತೆ ಪೂರ್ತಿ ಕೇಳಿ, ಹೊರಗಿನ ಮಂಜನ್ನು ನೋಡುತ್ತ, "ಖಾಲಿ ಇದ್ರೆ ತಾನೆ?" ಎಂದಳು. ಕೆಮ್ಮು ನಮ್ಮ ಜಗಲಿಯವರೆಗೂ ಬಂತು. ಒಳಗೆ ಬರಲಿಲ್ಲ.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ಮಾವ ಎಂದಿನಂತೆ ಕಿಟಕಿಯಿಂದ ಟವೆಲ್ಲು ಹಾಕಿದ, ಹೊಸ ಟವೆಲ್ಲು. ತಾನು ಕಿಟಕಿಯ ಪಕ್ಕ ಕೂತು ಅತ್ತೆಗೆ ಹಿಂದಿನ ಸೀಟು ತೋರಿಸಿದ. ರೇಷ್ಮೆ ಸೀರೆಯುಟ್ಟ ಅತ್ತೆ ಟವೆಲ್ಲನ್ನು ಎತ್ತಿ, ಒದರಿ, ಮಡಿಸಿ ಮಾವನ ತೊಡೆಯ ಮೇಲಿಟ್ಟಳು.

"ಅದು ಅವ್ನ್ ಸೀಟು ಕಣಮ್ಮಿ!" ಎಂದ ಮಾವ ಗಾಬರಿಯಿಂದ.

"ಗೊತ್ತು," ಎಂದಳು ಅತ್ತೆ. "ಮದ್ವೆ ಆದಾಗಿಂದ ಅವ್ನೇ ಕುಂತಿದ್ದ. ಇನ್ ಮ್ಯಾಕೆ ನಾನ್ ಕೂತ್ಕತೀನಿ, ಜರುಗಿ."

ಮಾವ ಜರುಗಿದ. ಅದೇ ಕಂಡಕ್ಟರು ಬಂದ, ಮಾವನನ್ನು ಗುರುತಿಸಿ ದೂರದಲ್ಲೇ ನಿಂತ.

"ಎಲ್ಡಾ?" ಎಂದ ಅಳುಕುತ್ತ.

"ಎಲ್ಡೇಯ," ಎಂದ ಮಾವ. ಆಮೇಲೆ ಪಕ್ಕಕ್ಕೆ ತಿರುಗಿ, ಎಷ್ಟೋ ಕಾಲದ ಮೇಲೆ ಹೆಂಡತಿಯನ್ನು ಹತ್ತಿರದಿಂದ ನೋಡಿದ. "ಎಲ್ಗಮ್ಮಿ?" ಎಂದು ಕೇಳಿದ.

"ಬಸ್ಸು ಎಲ್ಗೋಯ್ತದೋ ಅಲ್ಗೆ," ಎಂದಳು ಅತ್ತೆ.

ಬಸ್ಸು ಕದಲಿತು. ಕಿಟಕಿಯ ಸರಳಿನ ಹಿಂದೆ ಅತ್ತೆಯ ತಲೆ ಆಗಲೇ ಮಾವನ ಹೆಗಲಿಗೆ ವಾಲಿತ್ತು. ಇನ್ನೂ ಸ್ಟ್ಯಾಂಡು ದಾಟಿರಲಿಲ್ಲ, ಅಷ್ಟರಲ್ಲೇ ನಿದ್ದೆ! ಅಷ್ಟು ವರ್ಷ ಗೋಡೆಗೊರಗಿ, ಕಿವಿಯನ್ನು ಓಣಿಗೆ ಕೊಟ್ಟು ತೂಕಡಿಸಿದ ಹೆಂಗಸು ಬಾಯಿ ತೆರೆದುಕೊಂಡು ಮಲಗಿದ್ದಳು. ಮಾವ ಅಲುಗಾಡದೆ, ಉಸಿರನ್ನೂ ಹಿಡಿದುಕೊಂಡವನಂತೆ ಕೂತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಬಸ್ಸಿನ ಹೊಗೆ ಕರಗಿತು. ನನ್ನ ಹಿಂದೆ, ಕಂಬದ ಹತ್ತಿರ, ಯಾರೋ ಗಂಟಲು ಸರಿಮಾಡಿಕೊಂಡರು. ಒಂದೇ ಗಂಟಲು. ಒಣಗಿತ್ತು.

ನಾನು ತಿರುಗಿ ನೋಡಲಿಲ್ಲ. "ಸೀಟು ತುಂಬೋಯ್ತು ಕಣಪ್ಪ," ಎಂದೆ. ಕಣ್ಣೊರೆಸಿಕೊಂಡು ಮೈಸೂರಿನ ಬಸ್ಸು ಹತ್ತಿದೆ. ಹತ್ತಿದವಳು ಪಕ್ಕದ ಖಾಲಿ ಸೀಟಿನ ಮೇಲೆ ನನ್ನ ಚೀಲವನ್ನು ಇಟ್ಟುಕೊಂಡು ಕೂತೆ.